ಯಾವ ದೇವರ ಒಪ್ಪತ್ತು

ವೀಣಾಳಿಗೆ ದೇವರ ಮೇಲೆ ಸಿಟ್ಟು ಬರುವುದು ಅಪರೂಪ. ದೇವರ ತಂಟೆಗೆ ಅವಳು ಹೋದವಳಲ್ಲ, ಅವಳ ತಂಟೆಗೆ ದೇವರೂ ಬಂದಿರಲಿಲ್ಲ. ಗಾಳಿಬೀಡಿನಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಹಾಕಿ ಆಡಿ, ಮಂಡಿ ಕೆಡಿಸಿಕೊಂಡು, ಕೊನೆಗೆ ಕುಶಾಲನಗರದ ಟೈರಿನಂಗಡಿಯ ಮಹಡಿಯಲ್ಲಿರುವ ಜಿಮ್ಮಿನಲ್ಲಿ ಹೆಂಗಸರ ಬ್ಯಾಚಿಗೆ ತರಬೇತಿ ಕೊಡುವ ಕೆಲಸ ಹಿಡಿದವಳು. ದಿನಾ ಬೆಳಗ್ಗೆ ಒಂದು ಊದುಬತ್ತಿ, ಆಯುಧಪೂಜೆಗೆ ಟ್ರೆಡ್‌ಮಿಲ್ಲಿಗೊಂದು ನಿಂಬೆಹಣ್ಣು, ಅಲ್ಲಿಗೆ ಅವಳ ಭಕ್ತಿ ಮುಗಿಯಿತು. ಅಂಥವಳಿಗೆ ಈ ವರ್ಷ ಮಳೆಗಾಲ ಕಳೆದ ಮೇಲೆ, ಒಬ್ಬರಲ್ಲ ಇಬ್ಬರಲ್ಲ, ಸಾಲಾಗಿ ಎಲ್ಲ ದೇವರ ಮೇಲೂ ಸಿಟ್ಟು ಬರತೊಡಗಿತು. ಕಾರಣ ದಿವ್ಯಶ್ರೀ.

ದಿವ್ಯಶ್ರೀ ಹಾರಂಗಿ ನಾಲೆಯ ಪಕ್ಕದ ಊರಿನ ಹುಡುಗಿ. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಗದ್ದೆ ಮಾಡಿಕೊಂಡ ಮನೆತನ. ಬಿ.ಕಾಂ. ಮುಗಿಸಿ ಪೇಟೆಯ ಗೊಬ್ಬರದಂಗಡಿಯಲ್ಲಿ ಬಿಲ್ಲು ಹಾಕುತ್ತಿದ್ದಳು. ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆಗೆ ಹೊಲಿಸಿದ ರವಿಕೆ ತೋಳಿನಲ್ಲಿ ಹಿಡಿಯಿತೆಂದು ಜಿಮ್ಮಿಗೆ ಸೇರಿದಳು. ವೀಣಾ ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದಳು. ಸಕ್ಕರೆ ಕಡಿಮೆ ಮಾಡು, ಎರಡು ಮುದ್ದೆ ತಿನ್ನುವ ಕಡೆ ಒಂದು ತಿನ್ನು, ಸೊಪ್ಪು ತರಕಾರಿ ಜಾಸ್ತಿ ಮಾಡು, ಚೆನ್ನಾಗಿ ಬೆವರು ಹರಿಸು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಶಿಷ್ಯೆ ಯಾವ ಗುರುವಿಗೆ ಬೇಡ? ಮೈ ಇಳಿಯಿತು, ನಡಿಗೆಗೆ ಚುರುಕು ಬಂತು. "ಇವಳನ್ನ ನೋಡಿ ಕಲೀರಿ" ಎಂದು ವೀಣಾ ಅವಳನ್ನು ಬ್ಯಾಚಿನ ಮುಂದೆ ನಿಲ್ಲಿಸಿ ಎಲ್ಲರಿಂದ ಚಪ್ಪಾಳೆಯನ್ನೂ ತಟ್ಟಿಸಿದಳು. ಇನ್ನು ಸಾಕು ಎಂದ ಮೇಲೂ ಹುಡುಗಿ ಇಳಿಯುತ್ತಲೇ ಹೋದಳು. ಕೆನ್ನೆ ಬತ್ತಿತು. ಕತ್ತಿನ ಮೂಳೆ ಎದ್ದಿತು. ಉಳಿದವರು ಬೆವರು ಒರೆಸಿಕೊಳ್ಳುವ ಹೊತ್ತಿನಲ್ಲಿ ಅವಳು ಸ್ವೆಟರ್ ತೊಟ್ಟು ನಿಂತಿರುತ್ತಿದ್ದಳು.

"ಏನು ತಿಂದ್ಕೊಂಡು ಬಂದೆ?" ಎಂದರೆ ಉತ್ತರ ಸಿದ್ಧ. "ಇವತ್ತು ಸೋಮವಾರ ಅಲ್ವ ವೀಣಕ್ಕ, ಒಪ್ಪತ್ತು." ಅಂದರೆ ದಿನಕ್ಕೆ ಒಂದೇ ಹೊತ್ತು ಊಟ, ಅದೂ ಪೂಜೆ ಮುಗಿದ ಮೇಲೆ. ಸರಿ, ಶಿವನ ವಾರ, ಬೇಡವೆನ್ನಲು ನಾವು ಯಾರು. ಗುರುವಾರ ಕೇಳಿದರೆ ರಾಯರ ವಾರ. ಶನಿವಾರ ಆಂಜನೇಯ. ನಡುವೆ ಏಕಾದಶಿ ಬಂತು, ಸಂಕಷ್ಟಿ ಬಂತು, ಅಮಾವಾಸ್ಯೆ ಬಂತು. ಮಂಗಳವಾರವಾದರೂ ಪುರುಸೊತ್ತಾಗಿದೆ ಅಂದುಕೊಳ್ಳುವಷ್ಟರಲ್ಲಿ ಅದನ್ನೂ ಮಾರಮ್ಮನಿಗೆ ಬರೆದುಕೊಟ್ಟಿದ್ದಳು. ಮುಕ್ಕೋಟಿ ದೇವತೆಗಳಲ್ಲಿ ಅರ್ಧಕ್ಕರ್ಧ ಈ ಹುಡುಗಿಯ ಹೊಟ್ಟೆಯ ಮೇಲೇ ಯಾಕೆ ಬಂದು ಕುಳಿತರು ಎಂದು ವೀಣಾ ಒಳಗೊಳಗೇ ಗೊಣಗಿಕೊಂಡಳು. ಗಟ್ಟಿಯಾಗಿ ಹೇಳುವ ಹಾಗಿಲ್ಲ. ವ್ರತದ ವಿಷಯಕ್ಕೆ ಬಾಯಿ ಹಾಕಿದರೆ ಬ್ಯಾಚಿನ ಹೆಂಗಸರೇ ತಿರುಗಿ ಬೀಳುತ್ತಾರೆ.

ವೀಣಾಳ ಕಣ್ಣು ತೆರೆಸಿದ್ದು ಬಸ್ ಸ್ಟ್ಯಾಂಡಿನ ಬೇಕರಿ. ಒಂದು ಶನಿವಾರ ಸಂಜೆ ಬ್ರೆಡ್ಡಿಗೆಂದು ಸ್ಕೂಟರ್ ನಿಲ್ಲಿಸಿದಾಗ ಒಳಗಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ ಹುಡುಗಿಯ ಸ್ವೆಟರ್ ಗುರುತು ಸಿಕ್ಕಿತು. ಮುಂದೆ ಪಫ್ಸ್, ದಿಲ್‌ಪಸಂದ್, ಬೆಣ್ಣೆ ಬನ್ನು, ಮತ್ತೆ ಪಫ್ಸ್. ದಿವ್ಯಶ್ರೀ ರುಚಿ ನೋಡಿಕೊಂಡು ತಿನ್ನುತ್ತಿರಲಿಲ್ಲ. ಒಂದನ್ನು ನುಂಗುವ ಮೊದಲೇ ಇನ್ನೊಂದಕ್ಕೆ ಕೈ ಹೋಗುತ್ತಿತ್ತು. ನಡುನಡುವೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ವೀಣಾ ಬ್ರೆಡ್ಡನ್ನೂ ಕೊಳ್ಳದೆ ಹಿಂದಕ್ಕೆ ಬಂದುಬಿಟ್ಟಳು. ಯಾರದೋ ಬಚ್ಚಲು ಮನೆಯ ಬಾಗಿಲು ತೆರೆದ ಹಾಗೆ ಅವಳಿಗೆ ನಾಚಿಕೆಯಾಯಿತು.

ಮರುದಿನ ಭಾನುವಾರ, ಜಿಮ್ಮಿಗೆ ರಜೆ. ಸೋಮವಾರ ದಿವ್ಯಶ್ರೀ ಎಲ್ಲರಿಗಿಂತ ಮೊದಲು ಬಂದು ಟ್ರೆಡ್‌ಮಿಲ್ ಹತ್ತಿದವಳು ಇಳಿಯಲೇ ಇಲ್ಲ. ಬ್ಯಾಚು ಮುಗಿದು ಹೆಂಗಸರು ಹೊರಟರೂ ಓಡುತ್ತಲೇ ಇದ್ದಳು. ವೀಣಾ ಹೋಗಿ ಸ್ವಿಚ್ಚು ಆರಿಸಿದಳು. ಹುಡುಗಿ ಕೆಳಗಿಳಿದು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದ್ದೇ ತಡ, ಕಣ್ಣು ಕತ್ತಲೆ ಕಟ್ಟಿ ಮೆಟ್ಟಿಲ ತಿರುವಿನಲ್ಲಿ ಕುಸಿದಳು. ಹಿಡಿದೆತ್ತಿದರೆ ಕೈ ತಣ್ಣಗೆ, ಉಗುರು ನೀಲಿ.

ಅವಳನ್ನು ಬೆಂಚಿನ ಮೇಲೆ ಒರಗಿಸಿ, ಬಿಸಿ ನೀರಿಗೆ ಬೆಲ್ಲ ಕದಡಿ ಕೈಗೆ ಕೊಟ್ಟಳು. ದಿವ್ಯಶ್ರೀ ಲೋಟವನ್ನು ಹಿಡಿದುಕೊಂಡಳೇ ಹೊರತು ಕುಡಿಯಲಿಲ್ಲ.

"ಶನಿವಾರ ಬೇಕರೀಲಿ ನಿನ್ನ ನೋಡ್ದೆ" ಎಂದಳು ವೀಣಾ, ಬೈಯುವ ದನಿಯಲ್ಲಲ್ಲ.

ಹುಡುಗಿ ಲೋಟವನ್ನು ಬೆಂಚಿನ ಮೇಲಿಟ್ಟಳು. "ಹಸಿವಾಗುತ್ತೆ ವೀಣಕ್ಕ. ಯಾವಾಗ್ಲೂ ಹಸಿವಾಗುತ್ತೆ. ಆದ್ರೆ ತಟ್ಟೆ ಮುಂದೆ ಕೂತ್ರೆ ಕೈ ಮುಂದಕ್ಕೇ ಹೋಗಲ್ಲ. ಒಂದು ತುತ್ತು ತಿಂದ್ರೆ ಮೊದಲಿನ ಥರ ಆಗ್ಬಿಡ್ತೀನಿ ಅನ್ಸುತ್ತೆ. ತಡ್ಕೊಂಡು ತಡ್ಕೊಂಡು ಒಂದು ದಿನ ಆಗಲ್ಲ. ಆವತ್ತು ಅಲ್ಲಿಗೆ ಹೋಗ್ತೀನಿ. ಆಮೇಲೆ ನನ್ನ ಕಂಡ್ರೆ ನಂಗೇ ಅಸಹ್ಯ."

"ಮತ್ತೆ ಈ ವಾರ, ವ್ರತ ಎಲ್ಲ?"

"ಒಪ್ಪತ್ತು ಅಂದ್ರೆ ಮನೇಲಿ ಯಾರೂ ಬಲವಂತ ಮಾಡಲ್ಲ" ಎಂದಳು ದಿವ್ಯಶ್ರೀ. "ಖುಷಿ ಪಡ್ತಾರೆ. ಮನೇಲಿ ಹೇಳ್ಬೇಡಿ ವೀಣಕ್ಕ. ನನ್ನಾಣೆ."

ವೀಣಾ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಬದಲಿಗೆ ಡಾಕ್ಟರ ಹತ್ತಿರ ಬರಲು ಹುಡುಗಿಯನ್ನು ಒಪ್ಪಿಸಿದಳು. ನಿತ್ರಾಣದಲ್ಲಿ ಇದ್ದವಳು ಹೂಂ ಎಂದಳು.

ವೀಣಾಳ ಹಳೆಯ ಹಾಕಿ ತಂಡದ ಗೋಲ್‌ಕೀಪರ್ ಮುತ್ತಮ್ಮ ಈಗ ಮಡಿಕೇರಿಯಲ್ಲಿ ಮನಸ್ಸಿನ ಕಾಯಿಲೆಗಳ ಡಾಕ್ಟರು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡ ಮುತ್ತಮ್ಮ ಮೊದಲು ಮಾಡಿದ ಕೆಲಸವೆಂದರೆ ಗೆಳತಿಯ ಉತ್ಸಾಹಕ್ಕೆ ತಣ್ಣೀರು ಎರಚಿದ್ದು. ವೀಣಾ ಆಗಲೇ ಮೊಟ್ಟೆ, ಬಾಳೆಹಣ್ಣು, ಹೆಸರುಕಾಳಿನ ಒಂದು ದೊಡ್ಡ ಯೋಜನೆ ಹಾಕಿಕೊಂಡಿದ್ದಳು.

"ನೀನು ಚಾರ್ಟು ಗೀರ್ಟು ಅಂತ ಹೋಗ್ಬೇಡ ಮಾರಾಯ್ತಿ" ಎಂದಳು ಮುತ್ತಮ್ಮ. "ಅದು ಕಾಯಿಲೆ, ಹಟ ಅಲ್ಲ. ಬೈದ್ರೂ ಹೋಗಲ್ಲ, ಮುದ್ದು ಮಾಡಿದ್ರೂ ಹೋಗಲ್ಲ. ತಲೆ ತಿರುಗಿ ಬಿದ್ಲು ಅಂತೀಯ, ಮೊದ್ಲು ರಕ್ತ, ಹಾರ್ಟು ನೋಡ್ಬೇಕು. ಬೇಗ ಕರ್ಕೊಂಡ್ ಬಾ. ಮನೆಯವ್ರಿಗೆ ಗೊತ್ತಾಗ್ಲೇಬೇಕು. ಅವಳ ಬಾಯಿಂದಾನೇ ಬಂದ್ರೆ ಒಳ್ಳೇದು. ಆದ್ರೆ ಅದಕ್ಕೆ ಅಂತ ತುಂಬ ದಿನ ಕಾಯ್ಬೇಡ."

"ಜಿಮ್ ಬಿಡಿಸ್ಬಿಡ್ಲಾ?"

"ಬಿಡಿಸಿದ್ರೆ ಇನ್ನೊಂದು ಜಿಮ್ಮಿಗೆ ಹೋಗ್ತಾಳೆ. ಅಲ್ಲಿ ಯಾರು ನೋಡ್ತಾರೆ? ಕೂತ್ಕೊಂಡು ಮಾಡೋದು ಏನಾದ್ರೂ ಕೊಡು. ನಿನ್ ಹತ್ರ ಬರೋದು ನಿಲ್ಲಿಸ್ಬಾರ್ದು, ಅಷ್ಟೇ ನಿನ್ ಕೆಲಸ."

ವೀಣಾ ಅಷ್ಟನ್ನು ನಿಷ್ಠೆಯಿಂದ ಮಾಡಿದಳು. ತೂಕದ ಮಷೀನನ್ನು ಸ್ಟೋರ್ ರೂಮಿಗೆ ಹಾಕಿ ಕೆಟ್ಟಿದೆ ಎಂದಳು. ಬ್ಯಾಚಿನ ಹೆಂಗಸರು ಗಂಡನೇ ಕಳೆದುಹೋದ ಹಾಗೆ ಪರದಾಡಿದರು. ದಪ್ಪ, ಸಣ್ಣ ಎಂಬ ಮಾತನ್ನು ಯಾರೂ ಆಡಕೂಡದೆಂದು ಕಟ್ಟಪ್ಪಣೆ ಮಾಡಿದಳು. "ಹಂಗಾದ್ರೆ ಜಿಮ್ಮಿಗೆ ಬಂದು ನಾವು ಏನು ಮಾತಾಡ್ಬೇಕು?" ಎಂದು ಒಬ್ಬಾಕೆ ನಿಜವಾಗಿಯೂ ಕೇಳಿದಳು. ದಿವ್ಯಶ್ರೀಗೆ ಚಾಪೆ ಹಾಸಿ ಉಸಿರಾಟ, ಮೈ ಸಡಿಲಿಸುವ ನಾಲ್ಕು ಆಸನ ಕೊಟ್ಟದ್ದಾಯಿತು. ಹುಡುಗಿ ಇಲ್ಲಿ ಕಣ್ಣು ಮುಚ್ಚಿ ಮಲಗಿ, ಮನೆಗೆ ಹೋಗಿ ನಾಲೆಯ ಏರಿಯ ಮೇಲೆ ಓಡುತ್ತಿದ್ದಳು. ಮಡಿಕೇರಿಗೆ ಯಾವಾಗ ಎಂದರೆ, "ಈ ಹದಿನಾರು ಸೋಮವಾರದ ವ್ರತ ಒಂದು ಮುಗೀಲಿ ವೀಣಕ್ಕ" ಎನ್ನುತ್ತಿದ್ದಳು.

ವ್ರತ ಮುಗಿಯುವ ಸುದ್ದಿಯನ್ನು ತಂದವಳು ದಿವ್ಯಶ್ರೀಯ ಅಜ್ಜಿ ಲಿಂಗಮ್ಮ. ಮಂಡಿ ಹಿಡಿದುಕೊಂಡು ಮಹಡಿ ಹತ್ತಿ, ಕುಂಕುಮದ ಭರಣಿಯ ಸಮೇತ ಜಿಮ್ಮಿಗೇ ಬಂದಳು. ಟ್ರೆಡ್‌ಮಿಲ್ಲಿನ ಮೇಲೆ ಓಡುತ್ತಿದ್ದ ಹೆಂಗಸನ್ನು ಸ್ವಲ್ಪ ಹೊತ್ತು ನೋಡಿ, "ಇದೇನವ್ವ, ಇಷ್ಟೊತ್ತು ಓಡಿದ್ರೂ ಇಲ್ಲೇ ಅವ್ಳಲ್ಲ" ಎಂದು ಮರುಗಿದಳು. ಆಮೇಲೆ ಕೂತು, ಬಂದ ಕಾರಣ ಹೇಳಿದಳು. "ನಮ್ ಕೂಸು ಹದ್ನಾರು ಸೋಮ್ವಾರ ಮುಗಿಸ್ತಾವ್ಳೆ. ನಮ್ಮೂರಾಗೆ ಈಗಿನ್ ಕಾಲದ್ ಹುಡ್ಗೀರು ಯಾರು ಮಾಡ್ತಾರೆ ಹೇಳಿ. ನಮ್ ಬೀದಿಯೋರೆಲ್ಲ ತಮ್ ಮಕ್ಕಳಿಗೆ ಇವ್ಳನ್ನೇ ತೋರುಸ್ತಾರೆ. ಊಟಕ್ಕೆ ಬರ್ಬೇಕು ಟೀಚರಮ್ಮ. ನೀವಲ್ವ ಕೂಸಿಗೆ ಶಿಸ್ತು ಕಲಿಸಿದ್ದು."

ವೀಣಾಳಿಗೆ ಆ ಹೊಗಳಿಕೆ ಚುಚ್ಚಿತು. ಅವಳೂ ಇದೇ ಹುಡುಗಿಯನ್ನು ನಿಲ್ಲಿಸಿ ತೋರಿಸಿದವಳೇ ತಾನೆ.

ಊಟದ ದಿನ ನಾಲೆಯ ಪಕ್ಕದ ಮನೆ ನೆಂಟರಿಂದ, ನೆರೆಯವರಿಂದ ತುಂಬಿತ್ತು. ಟಿಲ್ಲರ್ ಮಗುಚಿ ಕಾಲು ಮುರಿದುಕೊಂಡಿದ್ದ ಅಪ್ಪ ಸಣ್ಣಸ್ವಾಮಿ ಜಗಲಿಯಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟು ಬಂದವರನ್ನು ಮಾತಾಡಿಸುತ್ತಿದ್ದ. ವ್ರತ ಯಾತಕ್ಕೆಂದು ಆ ಮನೆಯಲ್ಲಿ ಪ್ರತಿಯೊಬ್ಬರಿಗೂ ಗೊತ್ತಿತ್ತು, ಆದರೆ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅಮ್ಮ ಯಮುನಾ ವೀಣಾಳನ್ನು ಪಕ್ಕಕ್ಕೆ ಕರೆದು, "ಅವ್ರಪ್ಪನ ಕಾಲು ಸರಿ ಹೋಗ್ಲಿ ಅಂತ ಹೊತ್ಕೊಂಡವ್ಳೆ, ಬಾಯಿ ಬಿಟ್ಟು ಹೇಳಲ್ಲ" ಎಂದಳು. ಸಣ್ಣಸ್ವಾಮಿ, "ಒಳ್ಳೆ ಗಂಡು ಸಿಕ್ಲಿ ಅಂತಿರ್ಬೇಕು ಕಣಮ್ಮ, ನಾವೇನು ಕೇಳಕ್ಕಾಯ್ತದಾ" ಎಂದು ನಾಚಿಕೊಂಡ. ಲಿಂಗಮ್ಮನ ಪ್ರಕಾರ ಅದು ತನ್ನ ಸಕ್ಕರೆ ಕಾಯಿಲೆಯ ಸಲುವಾಗಿ. ಇಷ್ಟು ಜನರ ಪ್ರೀತಿಯನ್ನು ಆ ಹುಡುಗಿ ಬರಿ ಹೊಟ್ಟೆಯಲ್ಲಿ ಹೊತ್ತು ನಿಂತಿದ್ದಾಳಲ್ಲ ಎಂದು ವೀಣಾಳಿಗೆ ಸಂಕಟವಾಯಿತು.

ದಿವ್ಯಶ್ರೀ ಜರಿಯ ಸೀರೆಯುಟ್ಟು, ಸೆರಗು ಸಿಕ್ಕಿಸಿಕೊಂಡು ಬಡಿಸುತ್ತಿದ್ದಳು. ಕೋಸಂಬರಿ, ಪಲ್ಯ, ಪಾಯಸ, ಒಬ್ಬಟ್ಟು. ಒಬ್ಬಟ್ಟಿನ ಮೇಲೆ ಧಾರಾಳವಾಗಿ ತುಪ್ಪ. "ನೀನೂ ಕೂತ್ಕೊಳ್ಳೇ" ಎಂದವರಿಗೆಲ್ಲ "ಎಲ್ರುದೂ ಆಗ್ಲಿ" ಎಂದಳು. ಎಲ್ಲರದೂ ಆಯಿತು. ವೀಣಾ ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ಕೊಟ್ಟಿಗೆಯಲ್ಲಿ ಹಸು ಎಲೆ ಸಮೇತ ಒಬ್ಬಟ್ಟು ಮೆಲ್ಲುತ್ತಿತ್ತು. ಪಕ್ಕದಲ್ಲಿ ದಿವ್ಯಶ್ರೀ ಖಾಲಿ ಕೈಯಲ್ಲಿ ನಿಂತಿದ್ದಳು.

ವೀಣಾ ಕೈ ಒರೆಸಿಕೊಂಡು ಹತ್ತಿರ ಹೋದಳು.

"ನಾಳೆ ಮಡಿಕೇರಿಗೆ ಹೋಗೋಣ. ವ್ರತ ಮುಗೀತಲ್ಲ" ಎಂದಳು ವೀಣಾ.

"ಮುಂದಿನ ಸೋಮವಾರದಿಂದ ಇನ್ನೊಂದು ಸಲ ಶುರು ಮಾಡ್ತೀನಿ ಅಂತ ಅಮ್ಮಂಗೆ ಹೇಳ್ಬಿಟ್ಟಿದೀನಿ" ಎಂದಳು ಹುಡುಗಿ, ತಪ್ಪು ಸಿಕ್ಕಿಬಿದ್ದ ಮಗುವಿನ ದನಿಯಲ್ಲಿ. ಹಾಗೆನ್ನುತ್ತಲೇ ಅವಳ ಮುಖ ಬಿಳುಚಿಕೊಂಡಿತು. ಹಸು ಕಟ್ಟುವ ಗೂಟ ಹಿಡಿದು ನಿಧಾನಕ್ಕೆ ಹುಲ್ಲಿನ ಮೇಲೆ ಕುಳಿತುಬಿಟ್ಟಳು.

ವೀಣಾಳಿಗೆ ಆಗ ಆದದ್ದು ಸಿಟ್ಟಲ್ಲ, ಭಯ. ಈ ಹುಡುಗಿ ಹೀಗೇ ಒಂದು ದಿನ ಏಳದೆ ಹೋಗುತ್ತಾಳೆ, ಊರವರು ಎಂಥ ಭಕ್ತಿವಂತೆ ಎಂದು ಹೊಗಳಿ ಮಣ್ಣು ಮಾಡಿ ಬರುತ್ತಾರೆ. ಮಾತು ಕೊಟ್ಟಾಗಿದೆ. ಮಾತು ಮುರಿದರೆ ಈ ಹುಡುಗಿಗೆ ಇರುವ ಒಂದು ಕಿವಿಯೂ ಇಲ್ಲದಂತಾಗುತ್ತದೆ. ಮಾತು ಉಳಿಸಿಕೊಂಡರೆ ಹುಡುಗಿಯೇ ಉಳಿಯುವುದಿಲ್ಲ. ಅವಳ ಕೈಗೆ ನೀರಿನ ಚೊಂಬು ಕೊಟ್ಟು, ಉಸಿರು ಸರಿಹೋಗುವವರೆಗೆ ಕಾದು, ವೀಣಾ ನೆಟ್ಟಗೆ ಅಡುಗೆ ಮನೆಗೆ ನಡೆದಳು. ಅಲ್ಲಿ ಲಿಂಗಮ್ಮ ಒಬ್ಬಳೇ ಉಳಿದ ಒಬ್ಬಟ್ಟನ್ನು ಡಬ್ಬಿಗೆ ತುಂಬುತ್ತಿದ್ದಳು.

"ಅಜ್ಜಿ, ಒಬ್ರು ಹೊತ್ತ ವ್ರತಾನ ಇನ್ನೊಬ್ರು ನಡೆಸ್ಬಹುದಾ?" ಎಂದು ಕೇಳಿದಳು. ಬುದ್ಧಿವಂತಿಕೆಯ ಉಪಾಯ ಎಂದೇ ಅವಳು ಅಂದುಕೊಂಡಿದ್ದಳು. ವ್ರತ ಬೇರೆಯವರ ಪಾಲಾದರೆ ಹುಡುಗಿಗೆ ನೆಪ ಉಳಿಯುವುದಿಲ್ಲ.

"ಯಾಕಾಗಲ್ಲ. ನಾನು ಕೂಸಿನ ಅಪ್ಪನ್ನ ಹೊಟ್ಟೇಲಿಟ್ಕೊಂಡು ಶನಿವಾರ ಮಾಡ್ತಿದ್ದೆ. ನಮ್ಮತ್ತೆ ಬಸುರಿ ಹೆಂಗ್ಸು ಉಪವಾಸ ಇರಬಾರ್ದು ಅಂತ ನನ್ ಕೈಯಿಂದ ಇಸ್ಕೊಂಡ್ರು. ನಮ್ಮನೇಲಿ ಅದು ನಡ್ಕೊಂಡ್ ಬಂದೈತೆ. ಮನೆ ಹಿರಿಯೋರು ಎತ್ಕೋಬೋದು."

"ದಿವ್ಯ ತುಂಬ ಸೋತಿದಾಳೆ ಅಜ್ಜಿ. ಮತ್ತೆ ಶುರು ಮಾಡ್ತಾಳಂತೆ. ಅವಳ ಮೈ ತಡೆಯಲ್ಲ."

ಲಿಂಗಮ್ಮ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. "ನಂಗೂ ಅನ್ಸೈತೆ" ಎಂದಳು. "ಮುಂಗೈಯಾಗೆ ಬಳೆ ನಿಲ್ತಿಲ್ಲ ಕೂಸಿಗೆ. ದೇವ್ರ ಕೆಲ್ಸ ಅಂತ ಸುಮ್ಕಿದ್ದೆ."

ಮುದುಕಿ ಒಮ್ಮೆ ತೀರ್ಮಾನ ಮಾಡಿದರೆ ತಡ ಮಾಡುವವಳಲ್ಲ. ನೆಂಟರನ್ನು ಕಳಿಸಿ, ಮೊಮ್ಮಗಳನ್ನು ದೇವರ ಮೂಲೆಗೆ ಕರೆದು ಕೂರಿಸಿದಳು. ದೀಪಕ್ಕೆ ಎಣ್ಣೆ ಬಿಟ್ಟಳು. ವೀಳ್ಯದೆಲೆಯ ಮೇಲೆ ಅಡಿಕೆ ಇಟ್ಟು ದಿವ್ಯಶ್ರೀಯ ಅಂಗೈಗೆ ಕೊಟ್ಟಳು. ಯಮುನಾ ಬಾಗಿಲಿಗೆ ಒರಗಿ ನಿಂತಳು. ಸಣ್ಣಸ್ವಾಮಿಯೂ ಕೋಲು ಊರಿಕೊಂಡು ಹೊಸ್ತಿಲವರೆಗೆ ಬಂದ.

"ನೋಡು ಕೂಸೆ, ನಿನ್ ವಾರಗಳನ್ನೆಲ್ಲ ನಂಗೆ ಕೊಟ್ಬಿಡು. ಸೋಮ್ವಾರ, ಗುರ್ವಾರ, ಶನ್ವಾರ, ಎಲ್ಲಾನೂವೆ. ಇನ್ಮೇಕೆ ನಾನು ನಡುಸ್ತೀನಿ. ನೀನು ಉಂಡ್ಕೊಂಡು ತಣ್ಣಗಿರು."

ದಿವ್ಯಶ್ರೀ ತಟ್ಟನೆ ವೀಣಾಳ ಕಡೆ ನೋಡಿದಳು. ನೀವು ಹೇಳಿಬಿಟ್ಟಿರಾ ಎಂಬ ನೋಟ. ವೀಣಾ ಇಲ್ಲವೆಂದು ತಲೆಯಾಡಿಸಿದಳು. ಹುಡುಗಿ ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

"ನೀನು ಉಪವಾಸ ಇರಬಾರ್ದು ಅಜ್ಜಿ. ನಿಂಗೆ ಶುಗರ್ ಐತೆ, ಮಾತ್ರೆ ನುಂಗ್ತೀಯ."

"ನಂದೇನು, ಉಂಡಿದ್ದಾಯ್ತು, ಉಟ್ಟಿದ್ದಾಯ್ತು. ದೇವ್ರು ನೋಡ್ಕತ್ತಾನೆ. ಈಗ ಅದ್ನ ನನ್ ಕೈಗ್ ಹಾಕು. ಹಾಕೋಕ್ ಮುಂಚೆ ಏನು ಬೇಡ್ಕೊಂಡಿದ್ದೆ ಅಂತ ಹೇಳು."

"ಏನು?"

"ಬೇಡ್ಕೊಂಡಿದ್ದು ಕಣವ್ವ. ಅದ್ನ ತಿಳ್ಕೊಳ್ದೆ ನಾನೆಂಗೆ ಎತ್ಕೊಳ್ಳಲಿ? ನೀನು ಯಾವ್ದುಕ್ಕೆ ಕೈ ಮುಗ್ದಿದ್ಯೋ ನಾನೂ ಅದುಕ್ಕೇ ಮುಗೀಬೇಕು. ಇಲ್ದಿದ್ರೆ ಅದು ದೇವ್ರಿಗೆ ಮುಟ್ಟಲ್ಲ."

ವೀಣಾಳಿಗೆ ಈಗ ತಾನು ಮಾಡಿದ ಕೆಲಸ ಅರ್ಥವಾಯಿತು. ಈ ಪ್ರಶ್ನೆ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಉಪಾಯ ಹೂಡಲು ಹೋಗಿ ಹುಡುಗಿಯನ್ನು ಎಲ್ಲರ ಎದುರು ಮೂಲೆಗೆ ನೂಕಿದಂತಾಗಿತ್ತು.

ಒಂದು ಸುಳ್ಳು ಸಾಕಿತ್ತು. ಅಪ್ಪನ ಕಾಲು ಎಂದರೆ ಯಮುನಾ ಅತ್ತು ಹಗುರಾಗುತ್ತಿದ್ದಳು. ಮದುವೆ ಎಂದರೆ ಸಣ್ಣಸ್ವಾಮಿ ನಾಳೆಯೇ ಗಂಡು ಹುಡುಕಲು ಹೊರಡುತ್ತಿದ್ದ. ಆದರೆ ಸುಳ್ಳು ಹೇಳಿದ ಮರುಗಳಿಗೆಯಿಂದ ಎಂಬತ್ತರ ಹತ್ತಿರದ ಈ ಜೀವ ಅದನ್ನು ನಿಜವೆಂದು ನಂಬಿ, ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಕೂರುತ್ತದೆ. ಸೋಮವಾರ ಕೂರುತ್ತದೆ, ಗುರುವಾರ ಕೂರುತ್ತದೆ. ದಿವ್ಯಶ್ರೀ ಅಜ್ಜಿಯ ಚಾಚಿದ ಅಂಗೈಯನ್ನು ನೋಡುತ್ತಿದ್ದಳು.

"ಅಪ್ಪನ್ ಕಾಲಿಗೆ ಅಲ್ವೇನೇ? ಹೇಳ್ಬಿಡು" ಎಂದು ಯಮುನಾ ಬಾಗಿಲಿನಿಂದ ಸಹಾಯ ಮಾಡಿದಳು.

"ಅಲ್ಲಮ್ಮ."

ಆಮೇಲೆ ಹುಡುಗಿ ಅಜ್ಜಿಯ ಮುಖ ನೋಡದೆ, ದೀಪದ ಕಡೆ ನೋಡಿಕೊಂಡು ಹೇಳಿದಳು. "ನಾನು ಏನೂ ಬೇಡ್ಕೊಂಡಿಲ್ಲ ಅಜ್ಜಿ. ಯಾವ ದೇವ್ರಿಗೂ ಅಲ್ಲ ಅದು. ಊಟ ಅಂದ್ರೆ ನಂಗೆ ಭಯ. ನೀವು ತಿನ್ನು ಅನ್ಬಾರ್ದು ಅಂತ ದೇವ್ರ ಹೆಸ್ರು ಹೇಳ್ದೆ."

ಸಣ್ಣಸ್ವಾಮಿಯ ಕೋಲು ಗೋಡೆಗೆ ತಾಗಿ ಸದ್ದಾಯಿತು. ಮೊದಲು ಚೇತರಿಸಿಕೊಂಡವಳು ಯಮುನಾ. "ಊಟ ಅಂದ್ರೆ ಭಯಾನ? ಏನೇ ಕಮ್ಮಿ ಮಾಡಿದ್ವಿ ನಿಂಗೆ? ಬೆಳಗಾಗೆದ್ದು ಬೇಯ್ಸಿ ಹಾಕಿದ್ದೆಲ್ಲ..." ಅವಳ ದನಿ ಅಲ್ಲಿಗೆ ಒಡೆಯಿತು. ಲಿಂಗಮ್ಮ ತಿರುಗಿಯೂ ನೋಡದೆ ಸೊಸೆಗೆ ಕೈ ಅಡ್ಡ ಮಾಡಿ ಸುಮ್ಮನಿರೆಂದಳು.

ವೀಣಾ ಮುದುಕಿಯ ಮುಖವನ್ನೇ ನೋಡುತ್ತಿದ್ದಳು. ಬೀದಿ ತುಂಬ ಮೊಮ್ಮಗಳ ಭಕ್ತಿಯನ್ನು ಸಾರಿಕೊಂಡು ಬಂದವಳು, ನಾಲ್ಕು ಊರಿನ ನೆಂಟರನ್ನು ಕರೆದು ಒಬ್ಬಟ್ಟು ಹಾಕಿಸಿದವಳು. ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ಈಗ ಏನಾದರೂ ಅಂದುಬಿಟ್ಟರೆ ಆ ಹುಡುಗಿ ಮತ್ತೆ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಗುತ್ತದೆ.

ಲಿಂಗಮ್ಮ ಮೊಮ್ಮಗಳ ಕೈಯಿಂದ ಎಲೆ ಅಡಿಕೆ ತೆಗೆದು ತಟ್ಟೆಯಲ್ಲಿಟ್ಟಳು. ಆ ತಣ್ಣನೆಯ ಕೈಯನ್ನು ತನ್ನ ಎರಡು ಅಂಗೈ ನಡುವೆ ಇಟ್ಟುಕೊಂಡು ಉಜ್ಜತೊಡಗಿದಳು.

"ಅಷ್ಟು ಭಯ ಆಗ್ತಿದ್ರೆ, ಮನೆ ತುಂಬ ಜನ ಇಟ್ಕೊಂಡು ಒಬ್ಳೇ ಯಾಕ್ ಕುಂತಿದ್ದೆ ಕೂಸೆ?" ಎಂದಳು.

ದಿವ್ಯಶ್ರೀ ಅಜ್ಜಿಯ ಮಡಿಲಿಗೆ ತಲೆಯಿಟ್ಟು ಅತ್ತಳು. ಸದ್ದಿಲ್ಲದೆ ಅಳುವುದು ಅಭ್ಯಾಸವಾಗಿದ್ದವಳು ಆವತ್ತು ಗಟ್ಟಿಯಾಗಿ ಅತ್ತಳು. ಯಮುನಾ ಬಂದು ಪಕ್ಕದಲ್ಲಿ ಕುಸಿದು ಕೂತು ಮಗಳ ಬೆನ್ನಿನ ಮೇಲೆ ಕೈಯಿಟ್ಟಳು. ಕೈಗೆ ಸಿಕ್ಕಿದ್ದು ಬರೀ ಮೂಳೆ. ಅವಳೂ ಅಳತೊಡಗಿದಳು. ವೀಣಾ ಮುತ್ತಮ್ಮ ಹೇಳಿದ್ದನ್ನೆಲ್ಲ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದಳು. ಇದು ಕಾಯಿಲೆ, ಗುಣವಾಗುತ್ತದೆ, ನಿಧಾನ ಆಗುತ್ತದೆ, ತುರುಕಿ ತಿನ್ನಿಸಿದರೆ ಕೆಡುತ್ತದೆ. "ಬೈಯ್ಲೂಬಾರ್ದು, ಬಲ್ವಂತಾನೂ ಮಾಡ್ಬಾರ್ದು ಅಂದ್ರೆ ನಾವೇನು ಮಾಡದು?" ಎಂದು ಸಣ್ಣಸ್ವಾಮಿ ಅಸಹಾಯಕನಾಗಿ ಕೇಳಿದ. "ಜೊತೇಲಿ ಕೂತ್ಕೊಳ್ಳಿ ಸಾಕು" ಎಂದಳು ವೀಣಾ. ಆ ಸಂಜೆ ದಿವ್ಯಶ್ರೀ ಅರ್ಧ ಲೋಟ ಹಾಲು ಕುಡಿದಳು. ಕುಡಿಯಲು ಬಹಳ ಹೊತ್ತು ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ.

ಮಾರನೆಯ ಬೆಳಗ್ಗೆ ವೀಣಾ ಬ್ಯಾಚಿಗೆ ರಜೆ ಕೊಟ್ಟು ಕುಶಾಲನಗರದ ಬಸ್ ಸ್ಟ್ಯಾಂಡಿನಲ್ಲಿ ಕಾದಳು. ಬಾರದೆ ಇದ್ದರೆ ಎಂಬ ದಿಗಿಲು ಇದ್ದೇ ಇತ್ತು. ಊರಿನ ಬಸ್ಸಿನಿಂದ ಮೊದಲು ಲಿಂಗಮ್ಮನ 'ಹಿಡ್ಕೊಳ್ರವ್ವ, ಇಳೀಬೇಕು' ಎಂಬ ಮಾತು ಕೇಳಿಸಿತು, ಆಮೇಲೆ ಅವಳು ಇಳಿದಳು, ಹಿಂದೆಯೇ ದಿವ್ಯಶ್ರೀ. ಯಮುನಾ ಗಂಡನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದಳು. ಹುಡುಗಿ ರಾತ್ರಿಯಿಡೀ ನಿದ್ದೆ ಮಾಡಿದಂತಿರಲಿಲ್ಲ. "ಬೇಡ ವೀಣಕ್ಕ, ಇನ್ನೊಂದಿನ ಹೋಗೋಣ" ಎಂದು ಪಿಸುಗುಟ್ಟಿದಳು. "ಸೀಟು ಹಿಡೀಬೇಕು, ನಡೀರಿ" ಎಂದು ಲಿಂಗಮ್ಮ ಆಗಲೇ ಮಡಿಕೇರಿ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಳು.

ಬಸ್ಸಿನಲ್ಲಿ ಮೂವರು ಕೂರುವ ಸೀಟೊಂದರ ನಡುವೆ ಅವರದೇ ಬೀದಿಯ ಜಯಪ್ಪ ಆರಾಮವಾಗಿ ಕೂತಿದ್ದ. ಜಿಲ್ಲಾಧಿಕಾರಿ ಕಚೇರಿಯ ಕೆಲಸಕ್ಕೆ ಹೊರಟವನು, ಕಂಡದ್ದನ್ನು ಸಂಜೆಯೊಳಗೆ ಊರಿಗೆಲ್ಲ ಹಂಚುವವನು. ಅಜ್ಜಿ ಮೊಮ್ಮಗಳನ್ನು ಕಂಡು ಅವನ ಮುಖ ಅರಳಿತು.

"ಏನಜ್ಜಿ, ನಿನ್ನೆ ಒಬ್ಬಟ್ಟು ಭಾರಿ ಚೆನ್ನಾಗಿತ್ತು. ಇವತ್ತು ಮೊಮ್ಮಗಳ ಜೊತೆ ಓಂಕಾರೇಶ್ವರನ ದರ್ಶನಕ್ಕಾ?"

ಸುಮ್ಮನೆ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ವ್ರತ ಮುಗಿಸಿದ ಹುಡುಗಿ ಮಡಿಕೇರಿಯ ಶಿವನ ಗುಡಿಗೆ ಹೋಗುವುದರಲ್ಲಿ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ದಿವ್ಯಶ್ರೀ ತಲೆ ತಗ್ಗಿಸಿ ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಳು. ಅಜ್ಜಿ ಹೂಂ ಎಂದೇ ಎನ್ನುತ್ತಾಳೆ, ಮಾನದ ಪ್ರಶ್ನೆ, ಯಾರಾದರೂ ಹಾಗೆಯೇ ಹೇಳುತ್ತಾರೆ ಎಂದುಕೊಂಡಳು ವೀಣಾ.

"ಇಲ್ಲ ಕಣಪ್ಪ" ಎಂದಳು ಲಿಂಗಮ್ಮ, ಮುಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಕೂಸಿಗೆ ಹುಷಾರಿಲ್ಲ. ಡಾಕ್ಟ್ರ ತಾವ ಕರ್ಕೊಂಡ್ ಹೋಯ್ತಾ ಇವ್ನಿ."

"ಅಯ್ಯೋ, ಏನಾಯ್ತು? ನಿನ್ನೆ ಚೆನ್ನಾಗೇ ಬಡುಸ್ತಿದ್ಲಲ್ಲ."

"ಉಣ್ಣಕ್ಕೆ ಭಯ ಆಯ್ತದೆ ಅವ್ಳಿಗೆ. ವ್ರತ ಗಿರತ ಏನಲ್ಲ ಅದು, ಕಾಯ್ಲೆ. ನಾವೇ ತಿಳೀದೆ ಊರಿಗೆಲ್ಲ ಹೇಳ್ಕೊಂಡು ಮೆರ್ದ್ವಿ."

ಜಯಪ್ಪ ಬಾಯಿ ತೆರೆದುಕೊಂಡು ಮುದುಕಿಯನ್ನೂ ಹುಡುಗಿಯನ್ನೂ ನೋಡಿದ. "ಹಂಗೂ ಒಂದು ಕಾಯ್ಲೆ ಐತಾ?"

ಲಿಂಗಮ್ಮ ಉತ್ತರ ಕೊಡುವ ಮೊದಲು ದಿವ್ಯಶ್ರೀ ತಲೆಯೆತ್ತಿದಳು. "ಐತೆ ಜಯಣ್ಣ" ಎಂದಳು. ದನಿ ಸಣ್ಣದಾಗಿತ್ತು, ಆದರೆ ಕೇಳಿಸಿತು.

"ನಂಗೂ ಗೊತ್ತಿರ್ಲಿಲ್ಲ ಕಣಪ್ಪ ನೆನ್ನೆಗಂಟ" ಎಂದಳು ಲಿಂಗಮ್ಮ. "ಈಗ ಗೊತ್ತಾಯ್ತಲ್ಲ. ಜರುಗು ಅತ್ಲಾಗೆ, ಕೂಸು ಕುಂತ್ಕೊಳ್ಳಲಿ, ನಿಂತ್ರೆ ತಲೆ ಸುತ್ತುತದೆ ಅವ್ಳಿಗೆ."

ಜಯಪ್ಪ ಕಿಟಕಿಗೆ ಒತ್ತಿಕೊಂಡು ಸರಿದ. ದಿವ್ಯಶ್ರೀ ಕುಳಿತಳು, ಪಕ್ಕದಲ್ಲಿ ಅಜ್ಜಿ ಕುಳಿತಳು, ವೀಣಾ ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು.